ಹತ್ತರಲ್ಲಿ ಮೂರು

ಪ್ರೊಫೆಸರ್ ತೂ ಅವರಿಗೆ ದೇವರ ಮೇಲೆ ನಂಬಿಕೆ ಇರಲಿಲ್ಲ. ದೇವರಿಗೂ ಅವರ ಮೇಲೆ ಇದ್ದಿರಲಾರದು ಎಂದು ಅವರ ಶಿಷ್ಯೆ ಯೂಜೆನ್ ಎಣಿಸಿದ್ದಳು. ತೂ ಎಂಬುದು ಅವರ ಮನೆತನದ ಹೆಸರು. ನಮ್ಮ ಕಿವಿಗೆ ಅದು ಉಗಿದ ಹಾಗೆ ಕೇಳಿಸಿದರೆ ತಪ್ಪು ನಮ್ಮ ಕಿವಿಯದಲ್ಲ. ವರ್ಷಗಟ್ಟಲೆ ಅವರ ಕೈಕೆಳಗೆ ದುಡಿದ ಯೂಜೆನ್‌ಗೆ ಕನ್ನಡ ಬರುತ್ತಿರಲಿಲ್ಲ. ಬಂದಿದ್ದರೆ ಆ ಹೆಸರು ಹಿಡಿದು ದಿನಕ್ಕೆ ನಾಲ್ಕು ಸಲ ಮನಸಾರೆ ಕರೆಯುತ್ತಿದ್ದಳು.

ಆ ದಿನ ಇಬ್ಬರೂ ಶ್ವೇಕೆಂಗ್ ಊರಿನ ಗುಡಿಯ ಅಂಗಳದಲ್ಲಿ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕೂತು, ಗುಡಿಯ ಕಮಿಟಿ ಅಧ್ಯಕ್ಷ ಚ್ವಾಂಗ್ ದೇವರ ಜತೆ ಚೌಕಾಸಿ ಮಾಡುವುದನ್ನು ನೋಡುತ್ತಿದ್ದರು. ವಸಂತದ ಭೂಕಂಪದಲ್ಲಿ ಊರಿನ ಬಿಸಿನೀರಿನ ಬುಗ್ಗೆ ತಣ್ಣಗಾಗಿತ್ತು. ನೆಲದೊಳಗಿನ ಬಿರುಕು ಜರುಗಿ, ಬಿಸಿನೀರು ಬೇರೆ ದಾರಿ ಹಿಡಿದಿತ್ತು. ಜಿಲ್ಲಾ ಕಚೇರಿಯವರು ಒಂದೇ ಒಂದು ಆಳದ ಬಾವಿ ಕೊರೆಸಿಕೊಡಲು ಒಪ್ಪಿದ್ದರು. ನೀರು ಬಂದರೆ ಊರ ಸ್ನಾನದ ಮನೆ ಉಳಿಯುತ್ತದೆ, ಬರದಿದ್ದರೆ ಬೀಗ ಬೀಳುತ್ತದೆ. ಹೊಳೆಯ ಪೂರ್ವ ದಡದಲ್ಲಿ ಕೊರೆಯುವುದೋ ಪಶ್ಚಿಮದಲ್ಲೋ ಎಂಬುದೇ ಪ್ರಶ್ನೆ. ಪೂರ್ವ ದಡದಲ್ಲಿ ಗುಡಿ ಇತ್ತು, ಗುಡಿಯ ಹಿಂದೆ ಅಧ್ಯಕ್ಷರ ಭಾಮೈದನ ಖಾಲಿ ಜಾಗವಿತ್ತು, ಭಾಮೈದನ ತಲೆಯಲ್ಲಿ ಆಗಲೇ ಐದಂತಸ್ತಿನ ಹೋಟೆಲ್ ಎದ್ದಿತ್ತು.

ದೇವರನ್ನು ಕೇಳುವುದು ಪೋಯ್ ಎಸೆದು. ಪೋಯ್ ಎಂದರೆ ಅರ್ಧಚಂದ್ರದಂಥ ಎರಡು ಮರದ ತುಂಡು, ಒಂದು ಮೈ ಚಪ್ಪಟೆ, ಇನ್ನೊಂದು ಮೈ ಉಬ್ಬು. ಒಂದು ಚಪ್ಪಟೆ ಒಂದು ಉಬ್ಬು ಬಿದ್ದರೆ ದೇವರು ಹೂಂ ಎಂದ ಹಾಗೆ. ಎರಡೂ ಉಬ್ಬು ಮೇಲಾದರೆ ಊಹೂಂ. ಎರಡೂ ಚಪ್ಪಟೆ ಮೇಲಾದರೆ ದೇವರು ನಗುತ್ತಿದ್ದಾನೆ. ದೊಡ್ಡ ವಿಷಯಕ್ಕೆ ಸತತ ಮೂರು ಹೂಂ ಬೇಕು.

"ಭೂಮಿತಾತ, ನಿನ್ನ ಗುಡಿ ಹಿಂದೇನೇ ಕೊರೆಯೋಣ್ವಾ?" ಎಂದು ಚ್ವಾಂಗ್ ಎಸೆದರು. ಊಹೂಂ ಬಿತ್ತು.

"ತಾತನಿಗೆ ಕಿವಿ ಸ್ವಲ್ಪ ಮಂದ," ಎಂದು ಅವರು ಬಾಯಲ್ಲಿದ್ದ ಅಡಕೆ ಉಗಿದು ಬಂದು ಮತ್ತೆ ಕೇಳಿದರು. "ತಾತ, ಗುಡಿ ಹಿಂದೆ ಕೊರೆದ್ರೆ ನಿನಗೇನೂ ಬೇಜಾರಿಲ್ಲ ತಾನೇ?" ದೇವರು ನಕ್ಕ.

"ಬೇಜಾರು ಆದ್ರೂ ಸಹಿಸ್ಕೋತೀಯ ಅಲ್ವಾ?" ಎಂದು ಮೂರನೇ ಬಗೆಯಲ್ಲಿ ಕೇಳಿದರು. ಹೀಗೆ ಪ್ರಶ್ನೆ ಸಣ್ಣದಾಗುತ್ತಾ, ದೇವರು ಸೋಲುತ್ತಾ, ಊಟದ ಹೊತ್ತಿಗೆ ಮೂರು ಹೂಂ ಸಾಲಾಗಿ ಬಿದ್ದವು. ಪಟಾಕಿ ಹಚ್ಚಿದರು.

ಕಾರು ಹತ್ತಿದ ಮೇಲೆ ತೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡಿದೆಯಾ ಯೂಜೆನ್? ಬೇಕಾದ ಉತ್ತರ ಬರೋ ತನಕ ಎಸೀತಾರೆ. ಇಂಥವರಿಗೆ ನಾವು ವಿಜ್ಞಾನ ಹೇಳಬೇಕು."

"ಹೌದು ಗುರುಗಳೇ," ಎಂದಳು ಯೂಜೆನ್. ಆಕೆಗೂ ನಗು ಬಂದಿತ್ತು. ಶ್ವೇಕೆಂಗ್ ಆಕೆಯ ತಾಯಿಯ ತವರು. ಅಲ್ಲಿಯ ಜನರ ದಡ್ಡತನವನ್ನು ಆಕೆ ಹತ್ತಿರದಿಂದ ಬಲ್ಲವಳು. ಸ್ಕೂಲಿನ ರಜೆಗಳೆಲ್ಲ ಅದರ ನಡುವೆಯೇ ಕಳೆದಿದ್ದವು.

ಇವರ ಕಸುಬು ಏನೆಂದರೆ, ನೂಡಲ್ ಅಂಗಡಿಯ ಸಾರು ಕುಡಿದು ಪಾತ್ರೆಗೆ ಏನೇನು ಬಿದ್ದಿದೆ ಎಂದು ಹೇಳುವಂಥದ್ದು. ಸಾಮಾನು ಗೊತ್ತಿದ್ದರೆ ರುಚಿ ಹೇಳುವುದು ಸುಲಭ. ರುಚಿಯಿಂದ ಸಾಮಾನಿಗೆ ಹಿಂದಿರುಗುವುದು ಕಷ್ಟ. ಒಂದು ಚಿಟಿಕೆ ಹೆಚ್ಚು ಹಾಕಿದರೆ ರುಚಿಯೂ ಒಂದೇ ಚಿಟಿಕೆ ಹೆಚ್ಚುತ್ತದೆ ಎಂಬ ನೇಮವಿಲ್ಲ. ಎರಡು ಬೇರೆ ಬೇರೆ ಅಡುಗೆ ಒಂದೇ ರುಚಿ ಕೊಡುವುದೂ ಉಂಟು. ಶ್ವೇಕೆಂಗ್‌ನ ನೆಲಕ್ಕೆ ಕಂಬಿ ಊರಿ, ವಿದ್ಯುತ್ ಹರಿಸಿ ಅಳೆದು ತಂದ ಅಂಕಿಗಳು ಇವರ ಸಾರು. ನೆಲದೊಳಗೆ ಬಿಸಿನೀರು ಎಲ್ಲಿ ಹರಿಯುತ್ತಿದೆ ಎಂಬುದು ಕಂಡುಹಿಡಿಯಬೇಕಾದ ಸಾಮಾನು.

ಇದಕ್ಕೆ ನೇರವಾದ ಸೂತ್ರ ಇಲ್ಲ. ಆದ್ದರಿಂದ ಕಂಪ್ಯೂಟರ್ ಒಂದು ನೆಲವನ್ನು ಊಹಿಸಿಕೊಳ್ಳುತ್ತದೆ, ಅಂಥ ನೆಲ ಎಂಥ ಅಂಕಿ ಕೊಡುತ್ತಿತ್ತು ಎಂದು ಲೆಕ್ಕ ಹಾಕುತ್ತದೆ, ನಿಜವಾದ ಅಂಕಿಗೆ ಹತ್ತಿರವಾದರೆ ಅಲ್ಲಿ ನಿಲ್ಲುತ್ತದೆ, ಮತ್ತೆ ದಾಳ ಹಾಕಿ ಒಂದು ಹೆಜ್ಜೆ ಸರಿಯುತ್ತದೆ. ಆಗಾಗ ಬೇಕೆಂದೇ ಸ್ವಲ್ಪ ಕೆಟ್ಟ ಊಹೆಯನ್ನೂ ಒಪ್ಪಿಕೊಳ್ಳುತ್ತದೆ. ಇಲ್ಲದಿದ್ದರೆ ಮೊದಲು ಸಿಕ್ಕ ಹಳ್ಳದಲ್ಲೇ ಸರ್ಕಾರಿ ನೌಕರನ ಹಾಗೆ ಕೂತುಬಿಡುತ್ತದೆ. ಹೀಗೆ ಲಕ್ಷಾಂತರ ಹೆಜ್ಜೆ ನಡೆಸಿದರೆ, ಅದು ಎಲ್ಲಿ ಹೆಚ್ಚು ಹೊತ್ತು ಕಳೆಯುತ್ತದೋ ಅಲ್ಲಿ ನೀರಿರುವ ಸಂಭವ ಹೆಚ್ಚು. ದಾಳ ಶುರುವಾಗುವ ಅಂಕಿಗೆ ಬೀಜ ಎನ್ನುತ್ತಾರೆ. ಸಾಕಷ್ಟು ದೂರ ನಡೆಸಿದರೆ ಬೀಜ ಯಾವುದಾದರೂ ಒಂದೇ. ಅರ್ಧಕ್ಕೇ ನಿಲ್ಲಿಸಿದರೆ ಎಲ್ಲಾ ಬೀಜದ್ದೇ ಆಟ.

ತೂ ಅರ್ಧಕ್ಕೇ ನಿಲ್ಲಿಸುವವರು. ತೈಪೆಯ ಲ್ಯಾಬಿನಲ್ಲಿ ಅವರು ಯೂಜೆನ್‌ಳ ಬೆನ್ನ ಹಿಂದೆ ನಿಂತು ಊಲಾಂಗ್ ಚಹಾ ಹೀರುತ್ತಾ ಪರದೆ ನೋಡಿದರು. ಚುಕ್ಕೆಗಳು ಹೊಳೆಯ ಪಶ್ಚಿಮಕ್ಕೆ ಹೋಗಿ ಗುಂಪು ಕೂತಿದ್ದವು.

"ಬೀಜ ಬದಲಿಸು."

"ಯಾಕೆ ಗುರುಗಳೇ?"

"ದುರದೃಷ್ಟದ ಬೀಜ ಇರಬೇಕು. ನನ್ನ ಮಗಳ ಹುಟ್ಟಿದ ದಿನ ಹಾಕು."

ಮಗಳ ಹುಟ್ಟುಹಬ್ಬವೂ ಪಶ್ಚಿಮಕ್ಕೇ ನಡೆಯಿತು. ಅವರ ಮದುವೆಯ ದಿನ ಹಾಕಿದರು. ಅದು ಎಲ್ಲಿಗೂ ಹೋಗದೆ ಹೊಳೆಯ ನಡುವೆ ಸಿಕ್ಕಿಹಾಕಿಕೊಂಡಿತು. ಕಾರಿನ ನಂಬರು ಹಾಕಿದರು. ಯೂಜೆನ್ ಹೇಳಿದ ಅಂಕಿಯನ್ನೆಲ್ಲ ಒತ್ತುತ್ತಿದ್ದಳು. ಊಟದ ತನಕ ಪೋಯ್ ಎಸೆದ ಅಧ್ಯಕ್ಷರಿಗೆ ಕೊನೆಗೆ ಬಗ್ಗಿ ನಮಸ್ಕಾರ ಮಾಡುವಷ್ಟಾದರೂ ನಾಚಿಕೆ ಇತ್ತು ಎಂದು ಆಕೆಗೆ ಅನಿಸಿತು.

ತೂ ಅವರಿಗೆ ಪೂರ್ವ ಏಕೆ ಬೇಕಿತ್ತು ಎಂಬುದು ಲ್ಯಾಬಿನ ಗೋಡೆಗಳಿಗೂ ಗೊತ್ತಿತ್ತು. ಹೊಸ ಸಂಶೋಧನಾ ಕಟ್ಟಡದ ಕಡತಕ್ಕೆ ಒಬ್ಬ ದೊಡ್ಡ ಮನುಷ್ಯನ ಸಹಿ ಬೇಕಿತ್ತು, ಆ ದೊಡ್ಡ ಮನುಷ್ಯ ಚ್ವಾಂಗ್ ಅವರ ಬೀಗರು. ಕೊನೆಗೆ ಚಹಾದ ಲೋಟ ಕೆಳಗಿಟ್ಟು ಅವರು ಹೇಳಿದರು:

"ಪಶ್ಚಿಮ ದಡ ಕಡಿದಾದ ಗುಡ್ಡ. ಅಲ್ಲಿ ನೀರಿರೋ ಸಾಧ್ಯತೆನೇ ಇಲ್ಲ ಅಂತ ಅನುಭವ ಹೇಳುತ್ತೆ. ಹುಡುಕೋಕೆ ಮುಂಚೆ ಇರೋ ನಂಬಿಕೆ ಅಂತ ಒಂದಿರುತ್ತಲ್ಲ, ಅದರಲ್ಲಿ ಪಶ್ಚಿಮಕ್ಕೆ ಸೊನ್ನೆ ಹಾಕು."

ಈ ವಿದ್ಯೆಯಲ್ಲಿ ಸೊನ್ನೆ ಹಾಕುವುದು ಎಂದರೆ ಬಾಗಿಲು ಮುಚ್ಚಿ ಮೊಳೆ ಹೊಡೆದಂತೆ. ಒಂದು ಜಾಗಕ್ಕೆ ಮೊದಲೇ ಸೊನ್ನೆ ಇಟ್ಟರೆ, ಆಮೇಲೆ ಎಂಥ ಸಾಕ್ಷಿ ಬಂದರೂ ಗುಣಿಸಿದ್ದೆಲ್ಲ ಸೊನ್ನೆಯೇ. ಹುಡುಕುವ ದಾಳ ಆ ಕಡೆ ತಲೆ ಹಾಕುವುದೇ ಇಲ್ಲ. ಯೂಜೆನ್ ಸೊನ್ನೆ ಹಾಕಿದಳು. ಚುಕ್ಕೆಗಳು ಬೇರೆ ಗತಿ ಇಲ್ಲದೆ ಪೂರ್ವಕ್ಕೆ ಹೋಗಿ ಕುರಿಗಳ ಹಾಗೆ ಮುದುರಿಕೊಂಡವು.

"ನೋಡು, ಎಷ್ಟು ಮುದ್ದಾಗಿದೆ! ವಿಜ್ಞಾನ ಮಾತಾಡಿದೆ," ಎಂದರು ತೂ.

ಆ ವಾರವೇ ಯೂಜೆನ್ ಶ್ವೇಕೆಂಗ್‌ಗೆ ಹೋದಳು. ಊರ ಸ್ನಾನದ ಮನೆಯನ್ನು ನೋಡಿಕೊಳ್ಳುತ್ತಿದ್ದವಳು ಆಕೆಯ ದೊಡ್ಡಮ್ಮ ಆ-ಲ್ವಾನ್. ತೋಳು ಮಡಿಸಿದ ರವಿಕೆ, ರಬ್ಬರ್ ಬೂಟು, ಹೊಳೆಯ ಆಚೆಗೂ ಕೇಳುವ ಗಂಟಲು. ಬುಗ್ಗೆ ತಣ್ಣಗಾದ ಮೇಲೆ ಗ್ಯಾಸ್ ಬಾಯ್ಲರ್ ಇಟ್ಟು ಹೆಂಗಸರ ತೊಟ್ಟಿಯೊಂದನ್ನೇ ಹೇಗೋ ಬೆಚ್ಚಗಿಟ್ಟಿದ್ದಳು. ಅದೇ ಆಕೆಯ ಮನೆ, ಅದೇ ಆಕೆಯ ಸಭೆ. ಮೊಣಕಾಲು ನೋವಿನವರು, ಬಾಣಂತಿಯರು, ಸೊಸೆಯಂದಿರನ್ನು ಬೈಯಲು ಬರುವ ಅತ್ತೆಯಂದಿರು ಎಲ್ಲರೂ ಅಲ್ಲಿ ಸೇರುತ್ತಿದ್ದರು.

ಯೂಜೆನ್ ಬೀಜದ ಕತೆ, ಸೊನ್ನೆಯ ಕತೆ ಎರಡನ್ನೂ ಹೇಳಿದಳು. ದೊಡ್ಡಮ್ಮ ತೊಟ್ಟಿಯ ಅಂಚು ಉಜ್ಜುತ್ತಲೇ ಕೇಳಿದಳು.

"ಅಂದ್ರೆ ನಿಮ್ಮ ಮೇಷ್ಟ್ರೂ ಪೋಯ್ ಎಸೀತಾರೆ ಅನ್ನು."

"ಚ್ವಾಂಗ್ ಅಧ್ಯಕ್ಷರಿಗಿಂತ ಕೆಟ್ಟದಾಗಿ. ಸೊನ್ನೆ ಹಾಕಿದ್ಮೇಲೆ ಸತ್ಯ ಎದುರಿಗೆ ಬಂದು ಕುಣಿದ್ರೂ ಅವರಿಗೆ ಕಾಣಲ್ಲ, ದೊಡ್ಡಮ್ಮ."

"ಹಾಗಾದ್ರೆ ನೀರು ಪಶ್ಚಿಮದಲ್ಲೇ ಇದೆಯಾ?"

"ಪೂರ್ತಿ ದೂರ ನಡೆಸಿದ್ರೆ ಗೊತ್ತಾಗುತ್ತೆ. ಅದನ್ನ ಎಲ್ಲರ ಮುಂದೇನೇ ನಡೆಸ್ತೀನಿ, ಗುಡಿ ಅಂಗಳದಲ್ಲಿ. ಬೀಜ ಯಾವುದು ಅಂತ ಭೂಮಿತಾತನೇ ಹೇಳ್ಲಿ. ಚ್ವಾಂಗ್ ಅಧ್ಯಕ್ಷರೇ ಎಸೀಲಿ."

ದೊಡ್ಡಮ್ಮ ಬ್ರಷ್ ನಿಲ್ಲಿಸಿದಳು. "ತಾತನ ಬೀಜ ಹಾಕಿದ್ರೆ ಉತ್ತರ ಸರಿ ಬರುತ್ತಾ?"

"ತಾತನ ಬೀಜ ಆದ್ರೂ ಅಷ್ಟೇ, ನಾಯಿ ಬೀಜ ಆದ್ರೂ ಅಷ್ಟೇ! ಇದೆಲ್ಲ ಊರವರ ಬಾಯಿ ಮುಚ್ಚಿಸೋಕೆ. ದೇವರೇ ಹಾಕಿದ ದಾಳ ಅಂದ್ರೆ ಆ ಪೆದ್ದರು ಮತ್ತೆ ತುಟಿ ಬಿಚ್ಚಲ್ಲ."

"ಹುಂ," ಎಂದಳು ದೊಡ್ಡಮ್ಮ. "ಪೆದ್ದರು ತುಂಬ ಇದ್ದೀವಿ ಇಲ್ಲಿ." ಮತ್ತೆ ಉಜ್ಜತೊಡಗಿದಳು.

ಸಭೆಯ ದಿನ ಅಂಗಳದಲ್ಲಿ ಬೊಂಬೆಯಾಟದ ಬಿಳಿ ಪರದೆ ಕಟ್ಟಿದ್ದರು. ಜಿಲ್ಲಾ ಕಚೇರಿಯಿಂದ ಅಧಿಕಾರಿ ಯೋ ಬಂದಿದ್ದರು. ಸಪೂರ ಮನುಷ್ಯ, ತಗ್ಗಿದ ದನಿ. ತೂ ಅವರು ತಮ್ಮ ಮುದ್ದಾದ ಪೂರ್ವದ ಚಿತ್ರ ತೋರಿಸಲು ಎದ್ದು ನಿಲ್ಲುವಷ್ಟರಲ್ಲಿ ಯೂಜೆನ್ ಮೈಕು ಕೈಗೆತ್ತಿಕೊಂಡಳು.

"ಗುರುಗಳು ನಮಗೆ ಕಲಿಸಿದ್ದು ಏನಂದ್ರೆ, ಹುಡುಕಾಟ ಎಲ್ಲರ ಕಣ್ಣೆದುರಿಗೇ ನಡೀಬೇಕು ಅಂತ. ಎರಡೂ ದಡಕ್ಕೂ ಸಮನಾದ ಅವಕಾಶ ಕೊಟ್ಟು ಶುರು ಮಾಡಬೇಕು ಅಂತ. ಹಾಗಾಗಿ ಇವತ್ತು ಹೊಸದಾಗಿ ನಡೆಸೋಣ. ಮೊದಲ ಅಂಕಿ ಭೂಮಿತಾತನೇ ಕೊಡ್ಲಿ. ಹೂಂ ಅಂದ್ರೆ ಒಂದು, ಊಹೂಂ ಅಂದ್ರೆ ಸೊನ್ನೆ, ನಕ್ಕರೆ ಎರಡು. ಅಧ್ಯಕ್ಷರೇ, ನಿಮ್ಮ ಕೈಯಿಂದಲೇ ಆಗಲಿ."

ಜನ ಚಪ್ಪಾಳೆ ತಟ್ಟಿದರು. ತೂ ಅವರ ಮುಖ ನೋಡುವಂತಿತ್ತು. ಬೇಡ ಎಂದರೆ ಬೀಜಕ್ಕೆ ಅಷ್ಟೊಂದು ಮಹತ್ವ ಏಕೆ ಬಂತು ಎಂದು ಹೇಳಬೇಕಾಗುತ್ತದೆ. ಅವರು ಎಲ್ಲ ಹಲ್ಲು ಕಾಣುವಂತೆ ನಕ್ಕರು. ಚ್ವಾಂಗ್ ಎದೆಯುಬ್ಬಿಸಿ ಎಸೆದರು, ಕಮಿಟಿಯ ಗುಮಾಸ್ತ ಕೂಗಿ ಹೇಳಿದ, ಯೂಜೆನ್ ಒಂದೊಂದೇ ಅಂಕಿ ಒತ್ತಿದಳು. ದೇವರು ಆ ದಿನ ಬಹಳ ನಕ್ಕ.

ಹುಡುಕಾಟ ಶುರುವಾಯಿತು. ಪರದೆಯ ಮೇಲೆ ಕೆಂಪು ಚುಕ್ಕೆಗಳು ಹೊಳೆ ದಾಟಿ ಆಚೆಗೂ ಈಚೆಗೂ ಅಲೆದಾಡಿದವು. ಜನ ಅಕ್ಕಿ ಶಾವಿಗೆ ತಿಂದರು, ಮೀನುಂಡೆ ತಿಂದರು, ಚುಕ್ಕೆಗಳ ಮೇಲೆ ಬಾಜಿ ಕಟ್ಟಿದರು. "ಆ ಚುಕ್ಕೆ ನಮ್ಮ ಭಾವನ ಹಾಗೆ, ಮನೆ ಸೇರೋದೇ ಇಲ್ಲ," ಎಂದು ಯಾರೋ ಅಂದರು. ಬಿಸಿಲು ಇಳಿಯುವ ಹೊತ್ತಿಗೆ ಚುಕ್ಕೆಗಳು ನೆಲೆ ನಿಂತವು. ಪಶ್ಚಿಮ ದಡದ ಗುಡ್ಡದ ಬುಡದಲ್ಲಿ ದೊಡ್ಡ ಗುಂಪು. ಪೂರ್ವದಲ್ಲಿ, ಗುಡಿಯ ಹಿಂದೆ, ಚಿಕ್ಕದೊಂದು ಗುಂಪು.

ಯೂಜೆನ್‌ಳ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಬಂತು. ಹತ್ತರಲ್ಲಿ ಏಳು ಪಶ್ಚಿಮ. ಹತ್ತರಲ್ಲಿ ಮೂರು ಪೂರ್ವ.

ಆಕೆ ತಲೆಯೆತ್ತಿ ಜನರನ್ನು ನೋಡಿದಳು. ಅಡಕೆ ಅಗಿಯುವ ಬಾಯಿಗಳು, ಬೀಸಣಿಗೆ ಆಡಿಸುವ ಕೈಗಳು, ಮುಂದಿನ ಸಾಲಿನಲ್ಲಿ ಕೆಂಪಾದ ತೂ, ಪಕ್ಕದಲ್ಲಿ ಕಪ್ಪಾದ ಚ್ವಾಂಗ್. ಇವರ ಮುಂದೆ ಹತ್ತರಲ್ಲಿ ಮೂರು ಎಂದರೆ ಏನಾಗುತ್ತದೆಂದು ಆಕೆಗೆ ಗೊತ್ತಿತ್ತು. ಚ್ವಾಂಗ್ ಆ ಮೂರನ್ನು ಹಿಡಿದುಕೊಂಡು ಪಟಾಕಿ ಹಚ್ಚುತ್ತಾರೆ. ತೂ ಆ ಮೂರರ ಮೇಲೆ ಕಟ್ಟಡ ಕಟ್ಟುತ್ತಾರೆ. ಸಂಭವ ಎಂಬುದರ ತಲೆಬುಡ ತಿಳಿಯದ ಈ ಮಂದೆ ಬಾಯಿ ಬಿಟ್ಟುಕೊಂಡು ಅವರ ಹಿಂದೆ ಹೋಗುತ್ತದೆ.

ಅಧಿಕಾರಿ ಯೋ ಎದ್ದು ನಿಂತರು. "ಮೇಡಂ, ಒಂದು ಮಾತು. ಇದು ಖಚಿತವಾ? ಸ್ವಲ್ಪ ಅನುಮಾನ ಇದ್ರೂ ಹೇಳಿ. ದೊಡ್ಡ ಬಾವಿಗೆ ಮುಂಚೆ ಎರಡೂ ದಡದಲ್ಲಿ ಸಣ್ಣ ಪರೀಕ್ಷೆ ತೂತು ಹಾಕಿಸೋಕೆ ನನಗೆ ಅಧಿಕಾರ ಇದೆ. ಎರಡು ತಿಂಗಳು ತಡ ಆಗುತ್ತೆ, ಅಷ್ಟೇ."

ತೂ ಕುರ್ಚಿಯ ಅಂಚಿಗೆ ಸರಿದರು. ಅವರ ಕಣ್ಣಲ್ಲಿ ಮತ್ತೆ ಜೀವ ಬಂದದ್ದನ್ನು ಯೂಜೆನ್ ನೋಡಿದಳು. ಎರಡು ತಿಂಗಳು ಸಿಕ್ಕರೆ ಈ ಮನುಷ್ಯ ಏನೆಲ್ಲ ಮಾಡಬಲ್ಲ! ಆಕೆಯ ಮೈಯೆಲ್ಲ ಉರಿಯಿತು.

"ಯೂಜೆನ್," ಎಂದು ಹಿಂದಿನ ಸಾಲಿನಿಂದ ದೊಡ್ಡಮ್ಮನ ಗಂಟಲು ಕೇಳಿಸಿತು. "ಈ ಕಡೆ ಒಂದು ಪುಟ್ಟ ಗುಂಪು ಕೂತಿದೆಯಲ್ಲಮ್ಮಾ, ಅದೇನು?"

"ಅದು ಬಿಡಿ ದೊಡ್ಡಮ್ಮ. ನಿಮಗೆ ಅರ್ಥ ಆಗಲ್ಲ, ಆಮೇಲೆ ಹೇಳ್ತೀನಿ." ನಾಲ್ಕು ಜನ ನಕ್ಕರು. ಯೂಜೆನ್ ಅಧಿಕಾರಿಯ ಕಡೆ ತಿರುಗಿದಳು. "ಪರೀಕ್ಷೆ ತೂತು ಬೇಡ ಸರ್. ಪಶ್ಚಿಮ."

ಯೋ ಬರೆದುಕೊಂಡರು. ದೇವರ ಬೀಜವೇ ಆದ್ದರಿಂದ ಚ್ವಾಂಗ್ ತುಟಿ ಬಿಚ್ಚಲಿಲ್ಲ. ತೂ ಎಲ್ಲರೆದುರು ಆಕೆಯ ಬೆನ್ನು ತಟ್ಟಿ, "ನನ್ನ ಶಿಷ್ಯೆ," ಎಂದರು. ಆ ದಿನ ಯೂಜೆನ್‌ಗೆ ಆದಷ್ಟು ಖುಷಿ ಡಾಕ್ಟರೇಟ್ ಬಂದಾಗಲೂ ಆಗಿರಲಿಲ್ಲ.

ಯಂತ್ರ ಬಂತು. ಗುಡ್ಡದ ಬುಡದಲ್ಲಿ ವಾರಗಟ್ಟಲೆ ಕೊರೆಯಿತು. ಮೊದಲು ಜೇಡಿ ಬಂತು, ಆಮೇಲೆ ಕಪ್ಪು ಕಲ್ಲಿನ ಪುಡಿ, ಆಮೇಲೆ ಕೈ ಮರಗಟ್ಟುವಷ್ಟು ತಣ್ಣನೆಯ ಉಪ್ಪುನೀರು. ಉಪ್ಪುನೀರಿಗೂ ಬಿಸಿನೀರಿಗೂ ವಿದ್ಯುತ್ತು ಒಂದೇ ಥರ ಹರಿಯುತ್ತದೆ. ಎರಡು ಬೇರೆ ಅಡುಗೆ, ಒಂದೇ ರುಚಿ. ಇದು ಆಕೆಗೆ ಗೊತ್ತಿರದ ಸಂಗತಿಯಲ್ಲ. ಆ ಮೂರರೊಳಗೆ ಇದೂ ಸೇರಿತ್ತು.

ಮುಂದಿನದನ್ನು ಹೇಳಲು ಬಾಯಿ ಕಹಿಯಾಗುತ್ತದೆ. ಅಧ್ಯಕ್ಷರ ಭಾಮೈದ ತನ್ನ ಖರ್ಚಿನಲ್ಲೇ ಗುಡಿಯ ಹಿಂದೆ ಕೊರೆಸಿದ. ಹೊಗೆಯಾಡುವ ನೀರು ಚಿಮ್ಮಿತು. ಖಾಸಗಿ ಜಾಗದ ಖಾಸಗಿ ನೀರು. ಭೂಮಿತಾತನಿಗೆ ಹೊಸ ರೇಷ್ಮೆ ನಿಲುವಂಗಿ ಬಂತು. ಚ್ವಾಂಗ್ ಸಿಕ್ಕಿದವರಿಗೆಲ್ಲ, "ತಾತ ಮೊದಲೇ ಮೂರು ಸಲ ಹೂಂ ಅಂದಿರಲಿಲ್ವಾ?" ಎಂದು ಕೇಳುತ್ತಾ ತಿರುಗಿದರು. ಟಿವಿಯವರು ತೂ ಅವರ ಲ್ಯಾಬಿಗೆ ಬಂದರು. ಪೂರ್ವದ ಮುದ್ದಾದ ಚಿತ್ರ ಹಿಡಿದುಕೊಂಡು ಅವರು, "ನಮ್ಮ ಮೊದಲ ಲೆಕ್ಕ ಪೂರ್ವವನ್ನೇ ತೋರಿಸಿತ್ತು. ಕೆಲವು ಕಿರಿಯರ ಆತುರ..." ಎಂದು ಹೇಳಿ ಕನ್ನಡಕ ಒರೆಸಿಕೊಂಡರು. ಕಟ್ಟಡದ ಕಡತಕ್ಕೆ ಸಹಿ ಬಿತ್ತು. ಸುಳ್ಳು ಹೇಳಿದವರು ಗೆದ್ದಿದ್ದರು. ಯೂಜೆನ್ ಟಿವಿ ಆರಿಸಿ, ಬಾಯಿಗೆ ಬಂದದ್ದನ್ನೆಲ್ಲ ಗೋಡೆಗೆ ಹೇಳಿದಳು.

ಸ್ನಾನದ ಮನೆಗೆ ಬೀಗ ಹಾಕುವ ದಿನ ಆಕೆ ಶ್ವೇಕೆಂಗ್‌ಗೆ ಹೋದಳು. ದೊಡ್ಡಮ್ಮ ಖಾಲಿ ತೊಟ್ಟಿಯೊಳಗೆ ನಿಂತು ಮರದ ತಂಬಿಗೆಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದಳು. ಬಾಯ್ಲರ್ ಆರಿತ್ತು.

"ಹೋಟೆಲ್‌ನೋರು ಕೆಲಸ ಕೊಡ್ತಾರಂತೆ," ಎಂದಳು ದೊಡ್ಡಮ್ಮ. "ಬಾಗಿಲಲ್ಲಿ ನಿಂತು ಟವೆಲ್ ಕೊಡೋದು. ಸಮವಸ್ತ್ರ ಬೇರೆ. ನಮ್ಮ ಮೊಣಕಾಲು ನೋವಿನೋರು ಯಾರೂ ಅಲ್ಲಿಗೆ ಬರೋ ಹಾಗಿಲ್ಲ, ಅಲ್ಲಿಯ ದರ ನೋಡಿದ್ರೆ ನೋವು ಸೊಂಟಕ್ಕೆ ಏರುತ್ತೆ."

"ಆ ತೂ, ಆ ಚ್ವಾಂಗ್, ಕಳ್ಳರು ದೊಡ್ಡಮ್ಮ! ಇಬ್ಬರೂ ಕಳ್ಳರು. ನನ್ನ ಲೆಕ್ಕ ಸರಿಯಾಗೇ ಇತ್ತು. ಹತ್ತರಲ್ಲಿ ಏಳು ಪಶ್ಚಿಮ ಅಂತ ಬಂದಿತ್ತು, ಮೂರು ಪೂರ್ವ. ಮೂರು ಬಿತ್ತು, ಅಷ್ಟೇ. ಹತ್ತರಲ್ಲಿ ಮೂರು ಸಲ ಹೀಗೇ ಆಗೋದು."

ದೊಡ್ಡಮ್ಮನ ಕೈ ನಿಂತಿತು. "ಆ ಪುಟ್ಟ ಗುಂಪು ಮೂರಾ?"

"ಹೌದು."

"ಆವತ್ತೇ ಗೊತ್ತಿತ್ತಾ?"

ಯೂಜೆನ್ ಆರಿದ ಬಾಯ್ಲರ್ ಕಡೆ ಮುಖ ತಿರುಗಿಸಿದಳು.

"ಹತ್ತರಲ್ಲಿ ಮೂರು ಅಂದ್ರೆ ನನಗೆ ಗೊತ್ತಿಲ್ವೇನೆ?" ಎಂದಳು ದೊಡ್ಡಮ್ಮ. ಆ ದೊಡ್ಡ ಗಂಟಲು ಮೊದಲ ಸಲ ತಗ್ಗಿತ್ತು. "ಇಲ್ಲಿ ಬರೋ ಬಾಣಂತೀರನ್ನ ನೋಡಿದ್ದೀನಿ, ಆಪರೇಷನ್ ಆದೋರನ್ನ ನೋಡಿದ್ದೀನಿ. ಡಾಕ್ಟರು ಹತ್ತರಲ್ಲಿ ಮೂರು ಅಂದಾಗ ಯಾರೂ ನಗಲ್ಲ. ಆವತ್ತು ಮೂರು ಅಂದಿದ್ರೆ ನಾನೇ ಎದ್ದು ನಿಂತು ಸಣ್ಣ ತೂತು ಹಾಕ್ಸಿ ಅಂತಿದ್ದೆ. ಎರಡು ತಿಂಗಳು ಗ್ಯಾಸ್ ಉರಿಸ್ತಿದ್ದೆ. ಯೋ ಕೇಳಿದ್ರು. ನಾನೂ ಕೇಳ್ದೆ."

"ತೂ ಗುರುಗಳು ಆ ಮೂರನ್ನ ಹಿಡ್ಕೊಂಡು..."

"ಅವರ ಹೆಸರು ಎತ್ತಬೇಡ. ಅವರು ಸುಳ್ಳು ಹೇಳಿದ್ರು, ಸುಳ್ಳು ಹೇಳೋರ ಜತೆ ಜಗಳ ಆಡಬಹುದು. ನೀನು ನಿಜ ಗೊತ್ತಿದ್ದೂ ನುಂಗಿಕೊಂಡೆ, ನಮ್ಮ ಮುಖ ನೋಡಿ."

ಆಕೆ ಕೊನೆಯ ತಂಬಿಗೆಯನ್ನು ಯೂಜೆನ್‌ಳ ಕೈಗೆ ಕೊಟ್ಟಳು. ಯೂಜೆನ್ ಚಿಕ್ಕವಳಿದ್ದಾಗ ತಲೆಗೆ ನೀರು ಹಾಕುತ್ತಿದ್ದ ತಂಬಿಗೆ ಅದು, ಅಂಚು ಸವೆದಿತ್ತು.

"ಪಶ್ಚಿಮಕ್ಕೆ ಸೊನ್ನೆ ಹಾಕಿದ್ರು ಅಂತ ನಿಮ್ಮ ಮೇಷ್ಟ್ರನ್ನ ಇಲ್ಲೇ ಕೂತು ಬೈದೆ. ನನಗೆ ನೀನು ಎಷ್ಟು ಹಾಕಿದ್ದೆ, ಯೂಜೆನ್?"

ಹೊರಗೆ ಜಿಲ್ಲಾ ಕಚೇರಿಯ ಜವಾನ ಬೀಗದ ಕೈ ಆಡಿಸುತ್ತಾ ನಿಂತಿದ್ದ. ಯೂಜೆನ್ ತಂಬಿಗೆ ಹಿಡಿದುಕೊಂಡು ನಿಂತೇ ಇದ್ದಳು. ಹೇಳಲು ಒಂದು ಅಂಕಿ ಮಾತ್ರ ಇತ್ತು, ಅದು ಇಬ್ಬರಿಗೂ ಗೊತ್ತಿತ್ತು.